ಆಪರೇಶನ್ ಆದಮ್ಯಾಲೂ ಚಸ್ಮಾ ಯಾಕ?

ಹೋದ ವರ್ಷ ನನ್ನ ಎರಡೂ ಕಣ್ಣಿನ ಆಪರೇಶನ್ ಆತು. ಅವತ್ತಿನಿಂದ ಮನಿಗೆ ಬಂದವರು, ಮಠದಾಗ ಭೆಟ್ಟಿ ಆದವರು, ಕಾಯಿಪಲ್ಯೆ ತರೋವಾಗ ಸಿಕ್ಕವರು, ಎಲ್ಲಾರೂ ಕೇಳೂದು ಒಂದ ಪ್ರಶ್ನೆ. “ಅಲ್ರೀ, ಆಪರೇಶನ್ ಮಾಡಿಸ್ಕೊಂಡೀರಿ ಅಂದ್ರು, ಮತ್ತ ಚಸ್ಮಾ ಹಂಗ ಅದ ಅಲ್ಲ?” ಕೆಲವರು ಬಾಯಿ ಬಿಟ್ಟು ಕೇಳ್ತಾರ, ಕೆಲವರು ನನ್ನ ಮಾರಿ ನೋಡಿ ಸುಮ್ಮನ ಲೊಚಗುಡ್ತಾರ. ಆಪರೇಶನ್ ಕೆಟ್ಟದ ಅಂತ ಅವರ ಮನಸ್ಸಿನಾಗ ಆಗಲೇ ತೀರ್ಮಾನ ಆಗಿರ್ತದ. ನಿಂತಲ್ಲೇ ಒಬ್ಬೊಬ್ಬರಿಗೆ ಹೇಳಿ ಹೇಳಿ ನನಗೂ ಸಾಕಾಗೇದ. ಅದಕ್ಕ ಇಲ್ಲೆ ಕುಂತು ಒಮ್ಮೆ ಎಲ್ಲಾ ಬರದು ಬಿಡ್ತೀನಿ.

ನನ್ನ ನಂಬರಿನ ಕಥಿ ಹಳೇದು. ಮೂರನೇ ಇಯತ್ತೆಯೊಳಗ ಬೋರ್ಡ್ ಮ್ಯಾಲಿನ ಅಕ್ಷರ ಕಾಣಸೂದಿಲ್ಲ ಅಂತ ಮಾಸ್ತರರಿಗೆ ಗೊತ್ತಾತು. ಪಿಯುಸಿ ಮುಗಿಯೂದ್ರಾಗ ಮೈನಸ್ ಏಳು. ಸೋಡಾಬುಡ್ಡಿ ಅಂತ ಕರಸ್ಕೊಂಡದ್ದು ಎಷ್ಟು ಸಲ ಅನ್ನೂದಕ್ಕ ಲೆಕ್ಕ ಇಲ್ಲ. ಇಬ್ಬರು ಗಂಡಿನವರು ನನ್ನ ನೋಡಿ, ಉಪ್ಪಿಟ್ಟು ಶಿರಾ ತಿಂದು, “ಹುಡುಗಿ ಛಲೋ ಇದ್ದಾಳ, ಆದ್ರ ಚಸ್ಮಾ…” ಅಂತ ಹೋದ್ರು. ಮೂರನೇದವರು ಇವರು. ಮದುವಿ ದಿನ ಫೋಟೋ ಛಂದ ಬರಬೇಕು ಅಂತ ನಮ್ಮ ದೊಡ್ಡಮ್ಮ ನನ್ನ ಚಸ್ಮಾ ತಗದು ತನ್ನ ಪರ್ಸಿನಾಗ ಇಟ್ಕೊಂಡ್ಳು. ಅಂತರಪಟ ಸರೀತು, ಅಕ್ಷತಾ ಬಿತ್ತು, ನನ್ನ ಎದುರಿಗೆ ಬೆಳ್ಳಗಿನ ಒಂದು ಮಬ್ಬು ಆಕಾರ ನಿಂತಿತ್ತು. ಅದಕ್ಕ ಮಾಲಿ ಹಾಕಿದೆ. ಗಂಡನ ಮಾರಿ ನೆಟ್ಟಗ ನೋಡಿದ್ದು ಊಟದ ಪಂಕ್ತಿ ಎದ್ದಮ್ಯಾಲೆ, ದೊಡ್ಡಮ್ಮನ್ನ ಹುಡುಕಿ ಚಸ್ಮಾ ಇಸ್ಕೊಂಡು.

ಆದ್ರ ದೊಡ್ಡ ಮೈನಸ್ ನಂಬರ್ ಅನ್ನೂದು ಬರೇ ಶಾಪ ಅಲ್ಲ. ಚಸ್ಮಾ ತಗದು ಮೂಗಿನ ಹತ್ತರ ಹಿಡದ್ರ ಸಣ್ಣದೆಲ್ಲಾ ನನಗ ಸ್ವಚ್ಛ ಕಾಣಸ್ತಿತ್ತು. ನನ್ನ ವಾರಿಗಿ ಹೆಂಗಸರೆಲ್ಲಾ ನಲವತ್ತೈದು ದಾಟಿದಮ್ಯಾಲೆ ಸೂಜಿಗೆ ದಾರ ಪೋಣಸಲಿಕ್ಕೆ ಮಕ್ಕಳನ್ನ ಕರೀತಿದ್ರು, ನಾನು ಯಾರನ್ನೂ ಕರೀಲಿಲ್ಲ. ಅಕ್ಕಿ ಹಸನ ಮಾಡೂದು, ಔಷಧದ ಡಬ್ಬಿ ಮ್ಯಾಲಿನ ಇರಿವಿ ಅಕ್ಷರ ಓದೂದು, ಓಣಿ ಹುಡುಗರ ಕಾಲಾಗಿನ ಮುಳ್ಳು ತಗಿಯೂದು ಎಲ್ಲಾ ನನ್ನ ಕೆಲಸ. ಇದನ್ನ ಯಾಕ ಹೇಳ್ಲಿಕ್ಕೆ ಹತ್ತೀನಿ ಅಂದ್ರ, ಆಪರೇಶನ್ನಿನಾಗ ಏನು ಬರ್ತದ ಅಂತ ಎಲ್ಲಾರೂ ಹೇಳ್ತಾರ, ಏನು ಹೋಗ್ತದ ಅಂತ ಹೇಳೋರು ಕಡಿಮಿ.

ಐವತ್ತೈದಕ್ಕ ನನಗ ಮೋತಿಬಿಂದು ಅಂತ ಗೊತ್ತಾತು. ಇಷ್ಟು ಲಗೂನ ಹೆಂಗ ಅಂತ ಎಲ್ಲಾರಿಗೂ ಆಶ್ಚರ್ಯ. ದೊಡ್ಡ ಮೈನಸ್ ಇದ್ದವರಿಗೆ ಪೊರೆ ಬ್ಯಾರೆಯವರಿಗಿಂತ ಮೊದಲ ಬರ್ತದಂತ. ಅದು ಬಲೀತಿದ್ದಂಗ ನಂಬರೂ ಓಡ್ತದ. ನನ್ನ ಒಂಬತ್ತು ಇದ್ದದ್ದು ಎರಡು ವರ್ಷದಾಗ ಹನ್ನೆರಡಕ್ಕ ಹೋತು, ರಾತ್ರಿ ಎದುರಿನ ಗಾಡಿ ಬೆಳಕು ಒಡದ ಕಾಜಿನಂಗ ಚೂರುಚೂರಾಗಿ ಕಾಣಲಿಕ್ಕೆ ಹತ್ತಿತು. ಡಾಕ್ಟರು ಅಂದ್ರು, “ಪೊರೆ ತಗದು ಒಳಗ ಲೆನ್ಸ್ ಹಾಕ್ತೇವಿ. ನಿಮ್ಮ ನಂಬರೂ ಅದರಾಗ ಹೊಂದಿಸ್ತೇವಿ.” ಆ ಮಾತು ಕೇಳಿ ನನ್ನ ಎದಿ ಧಸಕ್ ಅಂತು. ಕನ್ನಡಿ ಮುಂದ ಒಂದು ಮಾರು ದೂರ ನಿಂತು, ಚಸ್ಮಾ ಇಲ್ಲದ ನನ್ನ ಮಾರಿ ನಾನು ಒಮ್ಮೆನೂ ನೋಡಿಲ್ಲ. ಮದುವಿ ಫೋಟೋದಾಗ ನೋಡೀನಿ, ಅಷ್ಟ. “ದೊಡ್ಡ ನಂಬರಿನ ಕಣ್ಣು, ಸ್ವಲ್ಪ ಹೆಚ್ಚು ಕಡಿಮಿ ಉಳದ್ರೂ ಉಳೀಬಹುದು” ಅಂತನೂ ಅವರು ಅವತ್ತ ಹೇಳಿದ್ರು. ಅದನ್ನೂ ಕೇಳೀನಿ. ಯಾವ ಮಾತು ಮನಸ್ಸಿನಾಗ ದೊಡ್ಡದಾಗಿ ಕುಂತಿತು ಅಂತ ಬ್ಯಾರೆ ಹೇಳಬೇಕಾಗಿಲ್ಲ.

ಲೆನ್ಸಿನ ನಂಬರ್ ಹೆಂಗ ಆರಸ್ತಾರ ಅಂತ ನನಗ ಭಾಳ ಕುತೂಹಲ. ಚಸ್ಮಾದಂಗ ಹಾಕಿ ನೋಡಿ, “ಇದು ಛಲೋ ಕಾಣಸ್ತದೋ ಅದೋ” ಅಂತ ಕೇಳಲಿಕ್ಕೆ ಬರೂದಿಲ್ಲ ಅಲ್ಲ? ಅದಕ್ಕ ಅಳತಿ ತಗೋತಾರ. ಕಣ್ಣಿನ ಗುಡ್ಡಿ ಮುಂದಿನಿಂದ ಹಿಂದಿನ ತನಕ ಎಷ್ಟು ಉದ್ದ ಅದ, ಮುಂದಿನ ಕರಿ ಭಾಗದ ಮ್ಯಾಲಿನ ಗಾಜಿನಂಥ ಪರದೆಯ ಡೊಂಕು ಎಷ್ಟು, ಇವೆರಡನ್ನೂ ಒಂದು ಸೂತ್ರಕ್ಕ ಹಾಕಿ ಇಷ್ಟು ಪವರಿನ ಲೆನ್ಸು ಅಂತ ತಗೀತಾರ. ಸಾಧಾರಣ ಕಣ್ಣು 23-24 ಮಿಲಿಮೀಟರ್ ಉದ್ದ ಇರ್ತದ, ಅದಕ್ಕ 21ರ ಆಜೂಬಾಜೂ ಪವರ್. ನನ್ನದು 27 ದಾಟಿತ್ತು, ಹಂಗಾಗಿ ಹತ್ತರೊಳಗಿನ ಪವರ್ ಬಂತು. ಸಾಧಾರಣ ಕಣ್ಣಾಗ ಉದ್ದದ ಅಳತಿ ಒಂದು ಮಿಲಿಮೀಟರ್ ತಪ್ಪಿದ್ರ ನಂಬರ್ ಎರಡೂವರಿಯಿಂದ ಮೂರರ ತನಕ ತಪ್ತದ. ಅಳತಿ ಸರಿ ಇದ್ರೂ ಮತ್ತೊಂದು ತೊಡಕದ. ಲೆನ್ಸು ಕಣ್ಣೊಳಗ ಹೋಗಿ ಎಷ್ಟು ಆಳಕ್ಕ ಕೂಡ್ತದ ಅನ್ನೂದು ಮೊದಲ ಯಾರಿಗೂ ಖಾತ್ರಿ ಗೊತ್ತಿರೂದಿಲ್ಲ. ಅದು ಸೂತ್ರದೊಳಗಿನ ಅಂದಾಜು. ಒಂದು ಕೂದಲೆಳಿಯಷ್ಟು ಹಿಂದಮುಂದ ಕುಂತ್ರೂ ನಂಬರಿನಾಗ ಫರಕು ಬರ್ತದ. ಹಳೇ ಸೂತ್ರಗಳೆಲ್ಲಾ ಸಾಧಾರಣ ಕಣ್ಣಿಗೆ ಛಲೋ ಹೊಂದ್ತಾವ. ಭಾಳ ಉದ್ದ ಕಣ್ಣಿನಾಗ ಅವು ಸ್ವಲ್ಪ ಕಡಿಮಿ ಪವರ್ ತೋರಸ್ತಾವ, ಆವಾಗ ಕಣ್ಣು ಪ್ಲಸ್ ಕಡೆ ಹೋಗ್ತದ.

ನನಗ ಆದದ್ದು ಅದ. ಫೆಬ್ರುವರಿಯೊಳಗ ಬಲಗಣ್ಣಿನ ಆಪರೇಶನ್ ಆತು. ಇಪ್ಪತ್ತು ನಿಮಿಷನೂ ಹಿಡೀಲಿಲ್ಲ, ನೋವಿಲ್ಲ. ಮರುದಿನ ಪಟ್ಟಿ ತಗದಾಗ ಗ್ವಾಡಿ ಬಣ್ಣ ನೋಡಿ ಗಾಬರಿ ಆತು. ಬೆಳ್ಳಗ ಅಂದ್ರ ಇಷ್ಟು ಬೆಳ್ಳಗ ಅಂತ ಮರತೇ ಹೋಗಿತ್ತು. ನಮ್ಮನಿ ಪರದೆ ಕೆನಿ ಬಣ್ಣದ್ದು ಅಂತ ತಿಳಕೊಂಡಿದ್ದೆ, ಅದು ಬಿಳೇದ! ಆದ್ರ ಒಂದು ವಾರ ಹೋತು, ಎರಡು ವಾರ ಹೋತು, ಬಣ್ಣ ಸ್ವಚ್ಛ, ಗೆರಿ ಮಾತ್ರ ಮಬ್ಬು. ದೂರದ್ದು ಹತ್ತಾಣೆ ಕಾಣಸ್ತದ, ಹತ್ತರದ್ದು ನಾಲ್ಕಾಣೆನೂ ಇಲ್ಲ. ಐದು ವಾರಕ್ಕ ನಂಬರ್ ನೋಡಿ ಹೇಳಿದ್ರು: ಗುರಿ ಇಟ್ಟದ್ದು ಸೊನ್ನೆಗೆ, ಬಂದದ್ದು ಪ್ಲಸ್ ಒಂದೂಕಾಲು. ಹನ್ನೆರಡರಿಂದ ಒಂದೂಕಾಲಿಗೆ ಬಂದದ್ದು ಡಾಕ್ಟರಿಗೆ ದೊಡ್ಡ ಗೆಲವು, ನಮ್ಮನಿಯವರಿಗೆ ದೊಡ್ಡ ಸೋಲು. ನಡುವ ಕುಂತಾಕಿ ನಾನು.

ಮೈನಸ್ ಉಳದ್ರ ಒಂದು ಸಮಾಧಾನ ಇರ್ತದ, ಎಲ್ಲೋ ಒಂದು ಅಂತರದಾಗ ಚಸ್ಮಾ ಇಲ್ಲದ ನೆಟ್ಟಗ ಕಾಣಸ್ತದ. ಪ್ಲಸ್ ಉಳದ್ರ ಹಂಗಿಲ್ಲ. ವಯಸ್ಸಿನ ಹುಡುಗರ ಕಣ್ಣು ಒಳಗಿನ ಲೆನ್ಸು ಉಬ್ಬಿಸಿ ಅದನ್ನ ಸರಿ ಮಾಡ್ಕೋತದ. ನನ್ನ ಕಣ್ಣಾಗಿನದು ಹಾಕಿದ ಲೆನ್ಸು, ಅದು ಉಬ್ಬೂದಿಲ್ಲ. ಇಲ್ಲೆ ಇನ್ನೊಂದು ಮಾತು ಬಿಡಿಸಿ ಹೇಳಬೇಕು. ದೂರಕ್ಕ ಗುರಿ ಇಟ್ಟ ಸಾದಾ ಲೆನ್ಸು ಎಷ್ಟು ಕರಾರುವಾಕ್ಕಾಗಿ ಕುಂತ್ರೂ ಓದಲಿಕ್ಕೆ ಎರಡೂವರಿ ಹತ್ತರ ಪ್ಲಸ್ ಚಸ್ಮಾ ಬೇಕ ಬೇಕು. ಅದು ಉಳಕೊಂಡ ತಪ್ಪು ನಂಬರಲ್ಲ, ಲೆನ್ಸಿನ ಸ್ವಭಾವ. ಭಾಳ ಮಂದಿ ಇವೆರಡನ್ನೂ ಒಂದ ಗಂಟಿನಾಗ ಕಟ್ಟಿ ಡಾಕ್ಟರನ್ನ ಬೈತಾರ.

ಎಲ್ಲಾ ಮಬ್ಬೂ ಒಂದ ಥರದ್ದಲ್ಲ. ನಮ್ಮ ವೈನಿಗೆ ಸಿಲಿಂಡರ್ ನಂಬರ್ ಇತ್ತು, ಅದಕ್ಕಂತ ಬ್ಯಾರೆ ಲೆನ್ಸ್ ಬರ್ತದ, ಟೋರಿಕ್ ಅಂತಾರ. ಅದನ್ನ ಇಂಥಾ ಕೋನದಾಗ ಅಂತ ಗುರುತು ಮಾಡೇ ಕೂಡಸಬೇಕು. ಒಂದೊಂದು ಡಿಗ್ರಿ ತಿರುಗಿದ್ರೂ ನೂರಕ್ಕ ಮೂರರಷ್ಟು ಅದರ ಕೆಲಸ ಕಡಿಮಿ, ಮೂವತ್ತು ಡಿಗ್ರಿ ತಿರುಗಿತು ಅಂದ್ರ ಹಾಕಿದ್ದೂ ಒಂದ, ಬಿಟ್ಟದ್ದೂ ಒಂದ. ವೈನಿದು ತಿರುಗಿತ್ತು. ಎರಡನೇ ವಾರದಾಗ ಮತ್ತ ಒಳಗ ಕರಕೊಂಡು ಹೋಗಿ ಲೆನ್ಸನ್ನ ಅದರ ಜಾಗಕ್ಕ ತಿರುಗಿಸಿದ್ರು, ಈಗ ಆಕಿ ಟಿವಿ ಕೆಳಗ ಓಡೂ ಅಕ್ಷರನೂ ಓದ್ತಾಳ. ಮಗ್ಗಲಮನಿ ಅಜ್ಜಿಗೆ ಎರಡು ವರ್ಷ ಛಲೋ ಕಂಡು ಆಮ್ಯಾಲೆ ಮಬ್ಬಾತು. ಅದು ನಂಬರ ಅಲ್ಲ, ಲೆನ್ಸಿನ ಹಿಂದಿನ ಪರದೆ ಮಸುಕಾಗಿತ್ತು. ಲೇಸರಿನಿಂದ ಐದು ನಿಮಿಷದಾಗ ಕಿಂಡಿ ಮಾಡಿ ಕಳಿಸಿದ್ರು. ಕಣ್ಣು ಒಣಗಿದ್ರೂ ಮಬ್ಬು ಬರ್ತದ, ಆವಾಗ ನಂಬರ್ ತಗದ್ರ ಮುಂಜಾನಿ ಒಂದು ಸಂಜಿಗೆ ಒಂದು. ನನಗೂ ಮೊದಲ ಮೂರು ವಾರ ಕಣ್ಣೀರಿನಂಥ ಡ್ರಾಪ್ಸ್ ಹಾಕಿಸಿ, ಆಮ್ಯಾಲೆ ಎರಡು ಸಲ ನಂಬರ್ ನೋಡಿ, ಎರಡೂ ಸಲ ಒಂದ ಬಂದಮ್ಯಾಲೆ ಮುಂದಿನ ಮಾತು ತಗದ್ರು.

ಮುಂದಿನ ಮಾತು ಅಂದ್ರ ಮನ್ಯಾಗ ರಾಮಾಯಣ. ಇವರದು ಒಂದ ಹಟ: “ಅಂಗಿ ಅಳತಿ ತಪ್ಪಿದ್ರ ಟೇಲರ್ ವಾಪಸ್ ತಗೋತಾನ. ಆ ಲೆನ್ಸ್ ತಗದು ಸರಿ ಇದ್ದದ್ದು ಹಾಕ್ರಿ ಅನ್ನು.” ಬೆಂಗಳೂರಿನ ಮಗ ದಿನಾ ರಾತ್ರಿ ಫೋನ್ ಹಚ್ಚಿ ಒಂದೊಂದು ಹೊಸಾ ಸುದ್ದಿ ಹೇಳಾಂವ. ಒಂದಿನ ಲೇಸಿಕ್. ಒಂದಿನ, ಇದ್ದ ಲೆನ್ಸಿನ ಮುಂದ ಇನ್ನೊಂದು ತೆಳ್ಳನ ಲೆನ್ಸು. ಇನ್ನೊಂದಿನ, ಅಮೆರಿಕಾದಾಗ ಬೆಳಕು ಬಿಟ್ಟು ಕಣ್ಣೊಳಗ ಇದ್ದಂಗನ ನಂಬರ್ ಬದಲಾಯಿಸೂ ಲೆನ್ಸಿಗೆ 2017ರಾಗ ಸರಕಾರ ಒಪ್ಪಿಗಿ ಕೊಟ್ಟದ ಅಂತ. “ಛಲೋ ಆತಪಾ, ಆದ್ರ ನನ್ನ ಕಣ್ಣಾಗ ಕುಂತದ್ದು ಅದಲ್ಲಲ್ಲ” ಅಂದೆ.

ಡಾಕ್ಟರ ಮುಂದ ಕುಂತು ಒಂದೊಂದ ಕೇಳಿದೆ. ಅವರು ಬ್ಯಾಸರ ಮಾಡ್ಕೋಲಿಲ್ಲ, ಅದು ನನ್ನ ಪುಣ್ಯ. ಲೆನ್ಸ್ ಬದಲಿ ಮಾಡೂದಾದ್ರ ಮೊದಲಿನ ಕೆಲವು ವಾರದಾಗ ಹಗರ, ತಡಾ ಆದಂಗ ಒಳಗಿನ ಚೀಲ ಲೆನ್ಸಿಗೆ ಬಿಗಿಯಾಗಿ ಸುತ್ಕೋತದ, ಬಿಡಿಸಬೇಕಾದ್ರ ಚೀಲ ಹರಿಯೂ ಅಂಜಿಕಿ. ಲೇಸಿಕ್ ಆದ್ರ ಕಣ್ಣೊಳಗ ಕೈ ಹಾಕೂದಿಲ್ಲ, ಮ್ಯಾಲಿನ ಪರದೆಯನ್ನ ಲೇಸರಿನಿಂದ ತಿದ್ತಾರ, ಆದ್ರ ಗಾಯ ಪೂರ್ತಿ ಮಾಯ್ದು ನಂಬರ್ ನಿಲ್ಲೂ ತನಕ ಮೂರು ತಿಂಗಳ ಹತ್ತರ ಕಾಯಬೇಕು. ಮತ್ತ ಮುಟ್ಟು ನಿಂತ ಹೆಂಗಸರಿಗೆ ಮೊದಲ ಕಣ್ಣು ಒಣಗೂ ಕಾಟ, ಲೇಸಿಕ್ ಅದನ್ನ ಹೆಚ್ಚು ಮಾಡ್ತದ. ಮುಂದ ಇನ್ನೊಂದು ಲೆನ್ಸ್ ಇಡೂದು ಬದಲಿ ಮಾಡೂದಕ್ಕಿಂತ ಹಗರ, ಆದ್ರೂ ಮತ್ತ ಕಣ್ಣು ತೆರೆಯಬೇಕು. ಎಲ್ಲಾ ಹೇಳಿ, ಕಡೀಕ ಅಂದ್ರು: “ಇಲ್ಲಾಂದ್ರ ಒಂದೂಕಾಲಿನ ಚಸ್ಮಾ. ಅದಕ್ಕ ಯಾವ ಅಪಾಯನೂ ಇಲ್ಲ.”

ನನ್ನ ಮನಸ್ಸಿನಾಗ ಆವಾಗ ಇದ್ದದ್ದು ನಮ್ಮ ಕಾಕಾ. ನನಗ ಈ ನಂಬರ್ ಬಂದದ್ದು ಅಪ್ಪನ ಕಡೆಯಿಂದ. ಕಾಕಾಗ ನನಗಿಂತ ದೊಡ್ಡ ಮೈನಸ್. ಒಂದಿನ ಮುಂಜಾನಿ ಒಂದು ಕಣ್ಣಿನಾಗ ಕರೀ ಪರದೆ ಇಳದಂಗ ಆತು ಅಂದ, ಗ್ಯಾಸು ಇರಬೇಕು, ತಲಿ ತಿರುಗಿರಬೇಕು ಅಂತ ಎಂಟು ದಿನ ಕಳದ್ರು. ಹಿಂದಿನ ನರದ ಪರದೆ ಕಳಚಿತ್ತು. ಆ ಕಣ್ಣು ತಿರುಗಿ ಬರಲಿಲ್ಲ. ಉದ್ದ ಕಣ್ಣಾಗ ಆ ಪರದೆ ಜಗ್ಗಿ ತೆಳ್ಳಗಾಗಿರ್ತದ, ನನಗೂ ಆಪರೇಶನ್ನಿಗೆ ಮೊದಲ ಎರಡು ಕಡೆ ಲೇಸರ್ ಹೊಲಿಗಿ ಹಾಕ್ಯಾರ. ಕಣ್ಣು ತೆರೆದಷ್ಟೂ ಸಲ ಅದಕ್ಕ ಅಪಾಯ ಸ್ವಲ್ಪ ಸ್ವಲ್ಪ ಹೆಚ್ಚಾಗ್ತದ. ಒಂದೂಕಾಲು ನಂಬರಿನ ಸಲುವಾಗಿ ಕಣ್ಣನ್ನ ಪಣಕ್ಕ ಹಚ್ಚಬೇಕೇನು? ಮೂರೋ ನಾಲ್ಕೋ ಉಳದಿದ್ರ ನಾನೂ ಬ್ಯಾರೆ ವಿಚಾರ ಮಾಡ್ತಿದ್ದೆ. ಇವರಿಗೆ ಇಷ್ಟ ಹೇಳಿದೆ, “ಅಂಗಿ ಹರದ್ರ ಇನ್ನೊಂದು ತರಬಹುದ್ರಿ.” ಅವತ್ತಿನಿಂದ ಟೇಲರ್ ಮಾತು ನಿಂತಿತು. ಚಸ್ಮಾ ಇಲ್ಲದ ಮಾರಿ ಆಶಾ ಬಿಟ್ಟದ್ದಕ್ಕ ಅವತ್ತ ರಾತ್ರಿ ಸ್ವಲ್ಪ ಅತ್ತೆ, ಅದನ್ನೂ ಬರೀತೀನಿ, ಮುಚ್ಚಿಡೂದೇನದ.

ನಮ್ಮ ಅಜ್ಜಿ ಕಾಲಕ್ಕ ಲೆನ್ಸ್ ಹಾಕೂದ ಇರಲಿಲ್ಲ. ಡಾಕ್ಟರ್ ಎಂ. ಸಿ. ಮೋದಿ ಅವರ ಶಿಬಿರದಾಗ ಆಕಿ ಕಣ್ಣಿನ ಪೊರೆ ತಗಿಸಿಕೊಂಡಿದ್ಳು. ಬೀಳಗಿಯವರು ಅವರು, ಊರೂರಿಗೆ ಹೋಗಿ ಒಂದ ದಿನದಾಗ ನೂರಾರು ಮಂದಿಗೆ ಆಪರೇಶನ್ ಮಾಡಿದ ಪುಣ್ಯಾತ್ಮರು. ಪೊರೆ ತಗದಮ್ಯಾಲೆ ಕಣ್ಣು ಖಾಲಿ, ಪ್ಲಸ್ ಹತ್ತರ ದಪ್ಪ ಚಸ್ಮಾ. ಅದರಾಗ ಎಲ್ಲಾ ದೊಡ್ಡದು ಕಾಣಸ್ತದ, ಹತ್ತರ ಕಾಣಸ್ತದ. ಅಜ್ಜಿ ತಂಬಿಗಿಯಿಂದ ನೀರು ಹಾಕಿದ್ರ ಲೋಟದ ಮಗ್ಗಲಕ ಬೀಳೂದು. ಇನ್ನ ಲೆನ್ಸ್ ಶುರು ಆದ ಕಥಿನೂ ಡಾಕ್ಟರು ಹೇಳಿದ್ರು. ಎರಡನೇ ಮಹಾಯುದ್ಧದಾಗ ವಿಮಾನದ ಪರ್ಸ್‌ಪೆಕ್ಸ್ ಗಾಜು ಒಡದು ಪೈಲಟ್‌ಗಳ ಕಣ್ಣಾಗ ಚೂರು ಉಳದಿದ್ವು, ಅವು ಕಣ್ಣಿಗೆ ಬಾಧೆ ಮಾಡೂದಿಲ್ಲ ಅಂತ ಹ್ಯಾರಲ್ಡ್ ರಿಡ್ಲಿ ಅನ್ನೋ ಡಾಕ್ಟರು ಗಮನಿಸಿದ್ರು. 1949ರ ನವೆಂಬರಿನಾಗ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರ್ಯಾಗ ಅದ ಜಾತಿ ಪ್ಲಾಸ್ಟಿಕ್ಕಿನ ಲೆನ್ಸಿನ ಆಪರೇಶನ್ ಮೊದಲ ಸಲ ಮಾಡಿದ್ರು. ಆ ಮೊದಲನೇ ಹೆಣ್ಣುಮಗಳಿಗೆ ಉಳದ ನಂಬರ್ ಎಂಥಾದ್ದು ಅಂದ್ರ, ನನ್ನ ಹಳೇ ಹನ್ನೆರಡನ್ನೂ ಮೀರಿಸೂ ಮೈನಸ್! ಕೇಳಿ ನನಗ ಒಂಥರಾ ಧೈರ್ಯ ಬಂತು. ನನ್ನ ಜಾತಿಯಾಕಿ ಅನಿಸ್ತು.

ಎಡಗಣ್ಣು ಇನ್ನೂ ಆಗಬೇಕಿತ್ತು. ಬಲಗಣ್ಣು ಪ್ಲಸ್ ಒಂದೂಕಾಲು, ಎಡಗಣ್ಣು ಮೈನಸ್ ಹನ್ನೆರಡು, ಎರಡಕ್ಕೂ ಸೇರಿ ಚಸ್ಮಾ ಮಾಡಲಿಕ್ಕೆ ಬರೂದ ಇಲ್ಲ. ಒಂದು ಗಾಜಿನಾಗ ಇದ್ದಷ್ಟ ಕಾಣಸ್ತದ, ಇನ್ನೊಂದ್ರಾಗ ಭಾಳ ಸಣ್ಣದು, ತಲಿಯೊಳಗ ಎರಡೂ ಕೂಡೂದಿಲ್ಲ. ಆ ಎರಡು ತಿಂಗಳು ಮೆಟ್ಟಲಾ ಇಳೀಬೇಕಾದ್ರ ಗ್ವಾಡಿ ಹಿಡಕೊಂಡು ಇಳದೀನಿ. ಎಣ್ಣಿಯೊಳಗ ಪೂರಿ ಬಿಡೂದು ಸೊಸಿಗೆ ಬಿಟ್ಟೆ. ಬಲಕ್ಕ ಒಂದೂಕಾಲಿನ ಗಾಜು, ಎಡಕ್ಕ ಮಸುಕು ಗಾಜು ಹಾಕಿಸಿ ಹೆಂಗೋ ದಿನಾ ದೂಡಿದೆ. ಸೂಜಿ ಪೋಣಸೂದು ಬಂದಾಗ ಮಾತ್ರ ಚಸ್ಮಾ ತಗದು ಎಡಗಣ್ಣಿನ ಹತ್ತರ ಹಿಡೀತಿದ್ದೆ. ಆ ಕಣ್ಣಿನ ಆಪರೇಶನ್ನಿನ ಹಿಂದಿನ ದಿನ ಇಪ್ಪತ್ತು ಸೂಜಿಗೆ ದಾರ ಪೋಣಿಸಿ ಇಟ್ಟೆ, ಮಂದಿ ನಕ್ರು.

ಎರಡನೇ ಕಣ್ಣಿಗೆ ಮೊದಲನೇದರ ಅನುಭವ ಉಪಯೋಗಕ್ಕ ಬರ್ತದ. ಒಬ್ಬರ ಎರಡೂ ಕಣ್ಣು ಸಾಮಾನ್ಯವಾಗಿ ಒಂದ ದಿಕ್ಕಿಗೆ ತಪ್ತಾವ. ಹಂಗಾಗಿ ಮೊದಲನೇದು ಎಷ್ಟು ತಪ್ಪಿತೋ ಅದರ ಅರ್ಧದಷ್ಟು ಎರಡನೇದರ ಲೆಕ್ಕದಾಗ ತಿದ್ದಿ ಹಿಡೀತೀವಿ ಅಂದ್ರು ಡಾಕ್ಟರು, ಉದ್ದ ಕಣ್ಣಿಗೆ ಹೊಂದೂ ಹೊಸಾ ಸೂತ್ರದಿಂದನೂ ನೋಡಿದ್ರು. ಗುರಿ ಎಲ್ಲೆ ಇಡಬೇಕು ಅಂತ ಈ ಸಲ ಅವರ ಕೇಳಿದ್ರು, “ಅಮ್ಮಾ, ದಿನಾ ಹೆಚ್ಚು ನೋಡೂದು ಏನು? ಗಾಡಿ ಹೊಡೀತೀರೇನು?” ಗಾಡಿ ಹೊಡಿಯೂದಿಲ್ಲ, ಒಲಿ ಮುಂದ ನಿಂದರ್ತೀನಿ, ಹೊಲಿಗಿ ಹಾಕ್ತೀನಿ, ರಂಗೋಲಿ ಹಾಕ್ತೀನಿ ಅಂದೆ. ಅಂದ್ರ ಸ್ವಲ್ಪ ಮೈನಸ್ ಉಳಸೂಣು ಅಂದ್ರು. ಎರಡು ಮೈನಸ್ ಉಳಸ್ರಿ, ಓದಲಿಕ್ಕೂ ಆಗ್ತದ ಅಂದೆ. ಹಂಗ ಮಾಡಿದ್ರ ಎರಡೂ ಕಣ್ಣಿನ ನಡುವ ಫರಕು ಮೂರು ದಾಟ್ತದ, ಚಸ್ಮಾದಾಗ ಹೊಂದೂದಿಲ್ಲ ಅಂದ್ರು. ಹಗ್ಗ ಜಗ್ಗಿ ಒಂದಕ್ಕ ಒಪ್ಪಿದ್ವಿ. ಏಪ್ರಿಲ್‌ದಾಗ ಆತು, ಮೇ ಕಡೀಕ ನೋಡಿದಾಗ ಮೈನಸ್ ಒಂದೂಕಾಲು. ಈ ಕಡೆ ಪ್ಲಸ್ ಒಂದೂಕಾಲು, ಆ ಕಡೆ ಮೈನಸ್ ಒಂದೂಕಾಲು. ತಕ್ಕಡಿ ಹಿಡದಂಗ.

ಫರಕು ಎರಡೂವರಿ, ಒಂದು ವಾರ ತಲಿ ಭಾರ ಇತ್ತು, ಆಮ್ಯಾಲೆ ಹೊಂದಿತು. ಚಸ್ಮಾ ಮಾಡಸೋವಾಗ ಮಾತ್ರ ಒಂದು ಕೇಳ್ಕೋರಿ. ನನಗ ಮೊದಲ ದೂರದ್ದೂ ಓದೂದೂ ಕೂಡೇ ಇರೂ ಗಾಜು ಮಾಡಿಕೊಟ್ರು. ಓದಲಿಕ್ಕೆ ಕೆಳಗ ನೋಡಿದ್ರ ಸಾಲು ಒಂದರ ಮ್ಯಾಲೊಂದು ಏರತಿದ್ವು. ಎರಡೂ ಗಾಜಿನ ನಂಬರಿನಾಗ ಫರಕು ಇದ್ದಾಗ, ಗಾಜಿನ ನಟ್ಟನಡುವ ಬಿಟ್ಟು ಕೆಳಗಿನಿಂದ ನೋಡಿದ್ರ ಒಂದು ಕಣ್ಣಿನ ಚಿತ್ರ ಮ್ಯಾಲಕ್ಕ, ಇನ್ನೊಂದರದ್ದು ಕೆಳಕ್ಕ ಸರೀತದಂತ. ಓದೂ ಚಸ್ಮಾ ಬ್ಯಾರೆ ಮಾಡಿಸಿದೆ, ಕಾಟ ತಪ್ಪಿತು. ಅದು ಹೊಲಿಗಿ ಮಶಿನ್ ಮ್ಯಾಲೆ ಇರ್ತದ, ಇನ್ನೊಂದು ಮೂಗಿನ ಮ್ಯಾಲೆ.

ಅಡಗಿ ಮನ್ಯಾಗ ಈಗ ಚಸ್ಮಾ ತಗದು ಇಡ್ತೀನಿ. ಕೈಯಳತಿಯೊಳಗಿನದು ಎಡಗಣ್ಣಿಗೆ ಸ್ವಚ್ಛ ಕಾಣಸ್ತದ: ಹಂಚಿನ ಮ್ಯಾಲಿನ ರೊಟ್ಟಿ, ಒಗ್ಗರಣಿ ಸಾಸಿವಿ, ಕುಕ್ಕರಿನ ರಬ್ಬರ್. ಹಬಿ ಬಂದು ಗಾಜು ಮಂಜಾಗೂ ತ್ರಾಸ ಇಲ್ಲ. ಅಕ್ಕಿ ಹಸನ ಮಾಡೂದಕ್ಕ ಓದೂ ಚಸ್ಮಾ ಬೇಕು, ಮುಳ್ಳು ತಗಿಯೂದಂತೂ ಬಿಟ್ಟೆ ಬಿಟ್ಟೀನಿ, ಓಣಿ ಹುಡುಗರು ಈಗ ದವಾಖಾನಿಗೆ ಹೋಗ್ತಾರ. ವರ್ಷಕ್ಕೊಮ್ಮೆ ಕಣ್ಣಿನ ಹಿಂದಿನ ಪರದೆ ತೋರಸಬೇಕು, ಮಿಂಚು ಹೊಡದಂಗ ಆದ್ರ, ಕರೀ ಚುಕ್ಕಿ ಒಮ್ಮೆಲೆ ಹೆಚ್ಚಾದ್ರ ಅವತ್ತ ಓಡಿ ಬರಬೇಕು ಅಂತ ಹೇಳ್ಯಾರ. ಕಾಕಾನ ಸಲುವಾಗಿ ಅದೊಂದನ್ನ ಮನ್ಯಾಗ ಎಲ್ಲಾರಿಗೂ ಬಾಯಿಪಾಠ ಮಾಡಿಸೀನಿ.

ಮತ್ತ ಈ ಚಸ್ಮಾ, ಎಲ್ಲಾರೂ ಲೊಚಗುಡೂ ಚಸ್ಮಾ. ನಲವತ್ತೇಳು ವರ್ಷ ನಾನು ಫ್ರೇಮ್ ಆರಿಸಿದ್ದ ಇಲ್ಲ. ದಪ್ಪ ಗಾಜು ಹಿಡಿಯೂವಂಥಾ ಸಣ್ಣ, ಗಟ್ಟಿ ಪ್ಲಾಸ್ಟಿಕ್ಕಿನದು ಯಾವುದದನೋ ಅದನ್ನ ಅಂಗಡಿಯಾಂವ ಕೊಡಾಂವ, ನಾ ಹಾಕ್ಕೊಳ್ಳಾಕಿ. ಈ ಸಲ ಟ್ರೇ ಮುಂದ ಇಟ್ಟು “ಅಕ್ಕಾರ, ನಿಮ್ಮ ನಂಬರಿಗೆ ಯಾವುದ ಆದ್ರೂ ನಡೀತದ, ಆರಿಸ್ರಿ” ಅಂದ. ಒಂದು ತಾಸು ಆರಿಸಿದೆ. ಹೊರಗ ಬೈಕ್ ಮ್ಯಾಲೆ ಕುಂತ ಇವರು ಎರಡು ಸಲ ಹಾರ್ನ್ ಹೊಡದ್ರು. ಬಂಗಾರ ಬಣ್ಣದ ತೆಳ್ಳನ ಕಡ್ಡಿಯ, ದೊಡ್ಡ ದುಂಡಂದು ತಗೊಂಡೀನಿ.